ಹ್ಯಾಂಡಲ್ ತುದಿಗೆ ಕನ್ನಡಿ: ಅಳತೆ, ಆಕ್ಸಿಲರೇಟರ್ ಸಂದು, ನೋಟದ ಕೋನ

ಬೈಕಿನ ಜೊತೆ ಕಂಪನಿ ಕೊಟ್ಟ ಕನ್ನಡಿಯಲ್ಲಿ ಅರ್ಧ ಭಾಗ ನಮ್ಮ ಮೊಣಕೈಯೇ ಕಾಣುತ್ತದೆ ಎಂಬ ದೂರು ಹೊಸದಲ್ಲ. ಹ್ಯಾಂಡಲ್‌ನ ಒಳಭಾಗದಲ್ಲಿ ಕಡ್ಡಿಯ ಮೇಲೆ ನಿಂತ ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣಬೇಕಾದರೆ ನೋಟ ನಮ್ಮದೇ ತೋಳನ್ನು ದಾಟಿ ಹೋಗಬೇಕು. ಅದೇ ಕನ್ನಡಿ ಹ್ಯಾಂಡಲ್‌ನ ತುದಿಗೆ ಹೋದರೆ ತೋಳು ಅಡ್ಡ ಬರುವುದಿಲ್ಲ. ಹೀಗೆ ತುದಿಗೆ ಕೂರುವ ಬಾರ್ ಎಂಡ್ ಮಿರರ್‌ನ ನಿಜವಾದ ಲಾಭ ಇಷ್ಟೇ; ಚಂದ ಕಾಣುವುದು ಆಮೇಲಿನ ಮಾತು. ನಷ್ಟವೂ ಇದೆ. ಬೈಕು ಅಗಲವಾಗುತ್ತದೆ, ಕಣ್ಣು ರಸ್ತೆಯಿಂದ ಇನ್ನಷ್ಟು ಪಕ್ಕಕ್ಕೆ ಹೊರಳಬೇಕಾಗುತ್ತದೆ, ತಪ್ಪಾಗಿ ಕೂರಿಸಿದರೆ ಆಕ್ಸಿಲರೇಟರ್ ಹಿಡಿದುಕೊಳ್ಳುತ್ತದೆ. ಕೊನೆಯದು ಪ್ರಾಣಕ್ಕೆ ಸಂಬಂಧಪಟ್ಟದ್ದು. ಹಾಗಾಗಿ ಇಲ್ಲಿ ಬಲಗಡೆಯ ಗ್ರಿಪ್ಪಿಗೆ ಎಡಗಡೆಗಿಂತ ಹೆಚ್ಚು ಜಾಗ ಕೊಟ್ಟಿದೆ.

ನಮ್ಮ ರಸ್ತೆಯ ಬಹುಪಾಲು ಬೈಕುಗಳಲ್ಲಿ ಗ್ರಿಪ್ ಕೂರುವ ಜಾಗದ ಹೊರವ್ಯಾಸ 22 ಮಿ.ಮೀ., ಅಂದರೆ ಮುಕ್ಕಾಲು ಇಂಚಿಗಿಂತ ಸ್ವಲ್ಪ ದಪ್ಪದ ಪೈಪು. ನಡುವೆ 28 ಮಿ.ಮೀ. ದಪ್ಪ ಕಾಣುವ ಅಲ್ಯೂಮಿನಿಯಂ ಹ್ಯಾಂಡಲ್ ಕೂಡ ಗ್ರಿಪ್ ಬಳಿ 22ಕ್ಕೇ ಇಳಿದಿರುತ್ತದೆ. ಹಾರ್ಲೆ ತರಹದ ಕ್ರೂಸರ್‌ಗಳಲ್ಲಿ ಮಾತ್ರ ಒಂದು ಇಂಚು, 25.4 ಮಿ.ಮೀ. ಈ ಬರಹ 22 ಮಿ.ಮೀ. ಪೈಪಿನ ಬೈಕುಗಳನ್ನು ಮನಸ್ಸಿನಲ್ಲಿಟ್ಟುಕೊಂಡದ್ದು.

ದುಡ್ಡು ಕೊಡುವ ಮೊದಲು ಪೈಪಿನೊಳಗೆ ನೋಡಿ

ಅಂಗಡಿಯವರು "ಎಲ್ಲಾ ಬೈಕಿಗೂ ಆಗುತ್ತೆ" ಅನ್ನುತ್ತಾರೆ. ಹೊರವ್ಯಾಸದ ಮಟ್ಟಿಗೆ ಅದು ಹೆಚ್ಚುಕಡಿಮೆ ನಿಜ. ಆದರೆ ಈ ಕನ್ನಡಿಗಳಲ್ಲಿ ಹೆಚ್ಚಿನವು ಹಿಡಿದುಕೊಳ್ಳುವುದು ಪೈಪಿನ ಒಳಗಿನಿಂದ, ಒಳವ್ಯಾಸವೋ ಬೈಕಿನಿಂದ ಬೈಕಿಗೆ ಬೇರೆ. ಉಕ್ಕಿನ ಪೈಪಿನ ಗೋಡೆ 2ರಿಂದ 2.5 ಮಿ.ಮೀ. ಇದ್ದರೆ ಒಳಗೆ 17–18 ಮಿ.ಮೀ. ಸಿಗುತ್ತದೆ. ಅಲ್ಯೂಮಿನಿಯಂ ಹ್ಯಾಂಡಲ್‌ನ ಗೋಡೆ ದಪ್ಪ, ಒಳಗೆ 14 ಮಿ.ಮೀ. ಅಷ್ಟೇ ಉಳಿದಿರಬಹುದು.

ಹಾಗಾಗಿ ಮೊದಲು ತುದಿಯಲ್ಲಿರುವ ಬಾರ್ ಎಂಡ್ ತೂಕವನ್ನು ಬಿಚ್ಚಿ ಒಳಗೆ ಟಾರ್ಚ್ ಹಾಕಿ. ಮೂರರಲ್ಲಿ ಒಂದು ಕಾಣುತ್ತದೆ. ಬರೀ ಖಾಲಿ ಪೈಪು ಇದ್ದರೆ ಹಿಗ್ಗುವ ಬುಶ್ (ಬೋಲ್ಟ್ ಬಿಗಿದಂತೆ ಹಿಗ್ಗಿ ಪೈಪನ್ನು ಒಳಗಿನಿಂದ ಹಿಡಿಯುವ ತುಂಡು) ಇರುವ ಕನ್ನಡಿ ಆಗುತ್ತದೆ. ಪೈಪಿನ ಬಾಯಲ್ಲೇ ಬೆಸುಗೆ ಹಾಕಿದ ನಟ್ಟು ಅಥವಾ ಕೊರೆದ ಥ್ರೆಡ್ ಇದ್ದರೆ ಬುಶ್ ಒಳಗೆ ಹೋಗುವ ಮಾತೇ ಇಲ್ಲ. ಅದೇ ಥ್ರೆಡ್ಡಿಗೆ, ಸಾಮಾನ್ಯವಾಗಿ ಎಂ6 ಅಥವಾ ಎಂ8 (6 ಅಥವಾ 8 ಮಿ.ಮೀ. ದಪ್ಪದ್ದು), ಬೋಲ್ಟಿನಿಂದ ಕೂರುವ ಮಾದರಿ ಬೇಕು. ಮೂರನೆಯದು, ಒಳಗೆ ರಬ್ಬರ್ ಉಂಗುರ ಸುತ್ತಿದ ಉದ್ದನೆಯ ಕಬ್ಬಿಣದ ತುಂಡು. ಹೋಂಡಾ ಬೈಕುಗಳಲ್ಲಿ ಇದು ಸಾಮಾನ್ಯ. ಪೈಪಿನಲ್ಲಿರುವ ಸಣ್ಣ ತೂತಿಗೆ ಸಿಕ್ಕಿಕೊಂಡ ಸ್ಪ್ರಿಂಗ್ ತಗಡು ಅದನ್ನು ಹಿಡಿದಿರುತ್ತದೆ. ಅದನ್ನು ಕಿತ್ತೆಸೆಯಲು ಹೋಗಬೇಡಿ. ಅದರ ತುದಿಯ ಥ್ರೆಡ್ಡಿಗೇ ಹೊಂದುವ ಅಡಾಪ್ಟರ್ ಹುಡುಕುವುದು ಜಾಣತನ, ಕಾರಣ ಮುಂದೆ ಬರುತ್ತದೆ.

ಖಾಲಿ ಪೈಪಾದರೆ ವರ್ನಿಯರ್ ಕ್ಯಾಲಿಪರ್‌ನಿಂದ ಬಾಯಲ್ಲಿ ಒಂದು ಅಳತೆ, ಸಾಧ್ಯವಾದಷ್ಟು ಒಳಗೆ ಇನ್ನೊಂದು ಅಳತೆ ತೆಗೆದುಕೊಳ್ಳಿ. ಪೆನ್ಸಿಲ್ ತೂರಿಸಿ ಆಳವನ್ನೂ ನೋಡಿ, 40 ಮಿ.ಮೀ. ತಡೆಯಿಲ್ಲದೆ ಸಿಗಬೇಕು. ಉಕ್ಕಿನ ಪೈಪುಗಳಲ್ಲಿ ಒಳಗೆ ಉದ್ದಕ್ಕೂ ಬೆಸುಗೆಯ ಏಣು ಇರುತ್ತದೆ. ಅದು ಎತ್ತರವಾಗಿದ್ದರೆ ಬುಶ್ ಒಂದೇ ಕಡೆ ಒತ್ತಿ ಕೂತು ಕನ್ನಡಿ ಓರೆಯಾಗಿ ನಿಲ್ಲುತ್ತದೆ. ದುಂಡು ಅರದಿಂದ ಮೊದಲ 40 ಮಿ.ಮೀ. ಸವರಿದರೆ ಸಾಕು.

ಬುಶ್ಶಿಗಿಂತ ಪೈಪು ಸ್ವಲ್ಪ ದೊಡ್ಡದಾದರೆ ಇನ್ಸುಲೇಶನ್ ಟೇಪು ಸುತ್ತುವುದು, ಸೈಕಲ್ ಟ್ಯೂಬಿನ ತುಂಡು ತುರುಕುವುದು ನಮ್ಮಲ್ಲಿ ಸರ್ವೇಸಾಮಾನ್ಯ. ಎರಡು ವಾರ ನಿಲ್ಲುತ್ತದೆ. ಬಿಸಿಲಿಗೆ ಟೇಪಿನ ಅಂಟು ಕರಗಿ ಜಾರುತ್ತದೆ, ಆಮೇಲೆ ಕನ್ನಡಿ ಹಂಪ್ ಹಂಪಿಗೂ ಒಂದಿಷ್ಟು ತಿರುಗುತ್ತದೆ. ಲೇತ್ ಅಂಗಡಿಯಲ್ಲಿ ಬುಶ್ಶಿನ ಮೇಲೆ ತೊಡಿಸಲು ಅಳತೆಗೆ ತಕ್ಕ ಅಲ್ಯೂಮಿನಿಯಂ ಸ್ಲೀವ್ ಮಾಡಿಕೊಟ್ಟರೆ ಈ ಕಿರಿಕಿರಿ ಕೊನೆಯಾಗುತ್ತದೆ. ಅದಕ್ಕೆ ಉದ್ದಕ್ಕೆ ಒಂದು ಸೀಳು ಹಾಕಲು ಹೇಳಿ, ಇಲ್ಲದಿದ್ದರೆ ಬುಶ್ ಹಿಗ್ಗಿದರೂ ಸ್ಲೀವ್ ಹಿಗ್ಗುವುದಿಲ್ಲ.

ಪೈಪಿನ ಹೊರಗೆ ಕ್ಲ್ಯಾಂಪ್ ಹಾಕಿ ಕೂರಿಸುವ ಮಾದರಿಯೂ ಇದೆ. ನೋಡಲು ಸುಲಭ. ಆದರೆ ಅದಕ್ಕೆ 10–15 ಮಿ.ಮೀ. ಬರಿ ಪೈಪು ಬೇಕು, ಅಷ್ಟು ಜಾಗ ಯಾವ ಕಂಪನಿಯೂ ಬಿಟ್ಟಿರುವುದಿಲ್ಲ. ಸ್ವಿಚ್ ಬಾಕ್ಸನ್ನು ಒಳಗೆ ಸರಿಸೋಣ ಎಂದರೆ ಅದರೊಳಗಿನ ಮೊಳೆಯಂಥ ಗೂಟ ಹ್ಯಾಂಡಲ್‌ನ ತೂತಿಗೆ ಕೂತಿರುತ್ತದೆ, ಅಲುಗುವುದಿಲ್ಲ. ಹೊಸ ತೂತು ಕೊರೆಯಬಹುದು, ಆದರೆ ಕನ್ನಡಿಯೊಂದಕ್ಕೋಸ್ಕರ ಹ್ಯಾಂಡಲ್ ಕೊರೆಯುವುದು ನಮಗೆ ಒಪ್ಪಿಗೆಯಿಲ್ಲ.

ಗಾಜು: ಎಷ್ಟು ದೊಡ್ಡದು, ಎಷ್ಟು ಉಬ್ಬು

ಆನ್‌ಲೈನ್‌ನಲ್ಲಿ ಹೆಚ್ಚು ಸಿಗುವ ದುಂಡು ಕನ್ನಡಿ 3 ಇಂಚಿನದು, 76 ಮಿ.ಮೀ. ಚಿಕ್ಕದಾಗಿ ಮುದ್ದಾಗಿದೆ, ಆದರೆ ನೋಟಕ್ಕೆ ಸಾಲದು. ದ್ವಿಚಕ್ರ ವಾಹನಗಳ ಕನ್ನಡಿ ಕುರಿತ ವಿಶ್ವಸಂಸ್ಥೆಯ 81ನೇ ನಿಯಮ ಕನಿಷ್ಠ 6,900 ಚದರ ಮಿ.ಮೀ. ಗಾಜು ಕೇಳುತ್ತದೆ, ದುಂಡಗಿದ್ದರೆ ವ್ಯಾಸ 94 ಮಿ.ಮೀ.ಗೆ ಕಡಿಮೆ ಇರಬಾರದು. 76 ಮಿ.ಮೀ. ವ್ಯಾಸದ ಗಾಜಿನ ವಿಸ್ತೀರ್ಣ ಸುಮಾರು 4,540, ಮೂರನೇ ಎರಡು ಪಾಲು ಮಾತ್ರ. 4 ಇಂಚಿನದಾದರೆ ಪಾಸು. ಈ ನಿಯಮಕ್ಕೆ ಒಳಪಟ್ಟ ಕನ್ನಡಿಯ ಮೇಲೆ ವೃತ್ತದೊಳಗೆ ಇಂಗ್ಲಿಷಿನ 'E' ಅಕ್ಷರ ಮತ್ತು ಒಂದು ಅಂಕಿ ಅಚ್ಚಾಗಿರುತ್ತದೆ. ಅಚ್ಚನ್ನೂ ನಕಲು ಮಾಡುವವರಿದ್ದಾರೆ, ಆದ್ದರಿಂದ ಸ್ಕೇಲ್ ಇಟ್ಟು ಗಾಜನ್ನು, ಚೌಕಟ್ಟನ್ನಲ್ಲ, ಅಳೆಯಿರಿ.

ಉಬ್ಬುಗಾಜೋ ಚಪ್ಪಟೆ ಗಾಜೋ ಎಂಬುದು ಇನ್ನೂ ಮುಖ್ಯ. ಕಣ್ಣಿನಿಂದ ಕನ್ನಡಿ 70 ಸೆಂ.ಮೀ. ದೂರದಲ್ಲಿದೆ, ಗಾಜು 10 ಸೆಂ.ಮೀ. ಅಗಲ ಇದೆ ಎಂದಿಟ್ಟುಕೊಳ್ಳಿ. ಚಪ್ಪಟೆ ಗಾಜಿನಲ್ಲಿ 10 ಮೀಟರ್ ಹಿಂದೆ ಕಾಣುವುದು ಸುಮಾರು ಒಂದೂವರೆ ಮೀಟರ್ ಅಗಲದ ಪಟ್ಟಿ. ಒಂದು ಆಟೋ ಕೂಡ ಪೂರ್ತಿ ಕಂಡೂ ಕಾಣದಂತೆ. 1,200 ಮಿ.ಮೀ. ತ್ರಿಜ್ಯದ ಉಬ್ಬುಗಾಜಿನಲ್ಲಿ ಅದು 3.2 ಮೀಟರ್ ಆಗುತ್ತದೆ. ಹೆದ್ದಾರಿಯ ಒಂದು ಲೇನಿನ ಅಗಲ 3.5 ಮೀಟರ್, ಅಂದರೆ ಲೇನು ಹತ್ತಿರಹತ್ತಿರ ಪೂರ್ತಿ. ಇದಕ್ಕೆ ಕೊಡುವ ಬೆಲೆ ಏನೆಂದರೆ ವಸ್ತುಗಳು ಚಿಕ್ಕದಾಗಿ ಕಾಣುತ್ತವೆ. 10 ಮೀಟರ್ ಹಿಂದಿರುವ ಲಾರಿ 20 ಮೀಟರ್‌ಗಿಂತ ಆಚೆ ಇದ್ದಂತೆ ತೋರುತ್ತದೆ. ಲೇನ್ ಬದಲಿಸಲು ಜಾಗವಿದೆ ಎಂದು ಕನ್ನಡಿ ಹೇಳಿದರೂ ಭುಜದ ಮೇಲಿಂದ ಒಮ್ಮೆ ತಿರುಗಿ ನೋಡಬೇಕಾದ್ದು ಇದಕ್ಕೇ. ಆ 81ನೇ ನಿಯಮ ಉಬ್ಬಿನ ತ್ರಿಜ್ಯವನ್ನು 1,000ರಿಂದ 1,500 ಮಿ.ಮೀ. ನಡುವೆ ಇಡುತ್ತದೆ; ತ್ರಿಜ್ಯ ಕಡಿಮೆಯಾದಷ್ಟೂ ಉಬ್ಬು ಹೆಚ್ಚು. ಅದಕ್ಕಿಂತ ಹೆಚ್ಚು ಉಬ್ಬಿದ ಗಾಜಿನಲ್ಲಿ ಎಲ್ಲವೂ ಕಾಣುತ್ತದೆ, ಯಾವುದೂ ತಿಳಿಯುವುದಿಲ್ಲ.

ನೀಲಿ ಬಣ್ಣದ ಗಾಜು ಹಗಲಲ್ಲಿ ಅಂದ. ರಾತ್ರಿ ಬೀದಿದೀಪವಿಲ್ಲದ ರಸ್ತೆಯಲ್ಲಿ ಮೊದಲೇ ಕಡಿಮೆಯಿರುವ ಬೆಳಕನ್ನು ಇನ್ನಷ್ಟು ಕಡಿಮೆ ಮಾಡುತ್ತದೆ. ಹಿಂದಿನವರ ಹೈಬೀಮ್ ಕಾಟ ತಪ್ಪಿಸಲು ಬೇಕೇ ಬೇಕು ಎನ್ನುವವರು ತೆಳು ನೀಲಿಯದನ್ನು ಆರಿಸಿ.

ಇನ್ನೊಂದು ನೋಡಬೇಕಾದ್ದು ಕನ್ನಡಿಯ ಹಿಂದಿನ ಗುಂಡು ಕೀಲು. ಗುಂಡು ಮತ್ತು ಅದು ಕೂರುವ ಬಟ್ಟಲು ಎರಡೂ ಲೋಹದ್ದಾಗಿರಲಿ, ಬಿಗಿ ಹೊಂದಿಸಲು ಸಣ್ಣ ಅಲೆನ್ ಸ್ಕ್ರೂ ಇರಲಿ. ಪ್ಲಾಸ್ಟಿಕ್ ಬಟ್ಟಲಿನದು 80 ಕಿ.ಮೀ. ವೇಗದ ಗಾಳಿಗೆ ನಿಧಾನವಾಗಿ ತಲೆ ಬಾಗಿಸುತ್ತದೆ, ಅದನ್ನು ಸರಿಮಾಡಲು ದಾರಿಯೇ ಇರುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಕೊಳ್ಳುವ ಅನುಕೂಲ ಇರುವುದರಿಂದ, ಫೋಟೋ ನೋಡಿ ತರಿಸುವುದಕ್ಕಿಂತ ಒಮ್ಮೆ ಹೋಗಿಬರುವುದು ಮೇಲು.

ಬಿಚ್ಚುವಾಗ

ಬೇಕಾಗುವುದು: 4, 5, 6 ಮಿ.ಮೀ. ಅಲೆನ್ ಕೀ, ಕೀಲಿಗೆ 2.5 ಅಥವಾ 3 ಮಿ.ಮೀ. ಅಲೆನ್ ಕೀ, ಹಳೆಯ ಕನ್ನಡಿಗೆ 14 ಮತ್ತು 17ರ ಸ್ಪಾನರ್, ಒಳ್ಳೆಯ ಸ್ಟಾರ್ ಸ್ಕ್ರೂಡ್ರೈವರ್, ಚೂಪಾದ ಕಟರ್ ಬ್ಲೇಡು, ಎಮರಿ ಹಾಳೆ, ಸ್ವಲ್ಪ ಸ್ಪಿರಿಟ್, ನೀಲಿ ಬಣ್ಣದ ಥ್ರೆಡ್ ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಾಕುವ ಅಂಟು). ಕೆಂಪು ತರಬೇಡಿ, ಅದನ್ನು ಬಿಚ್ಚಬೇಕಾದರೆ ಚೆನ್ನಾಗಿ ಕಾಯಿಸಬೇಕಾಗುತ್ತದೆ.

ಬಾರ್ ಎಂಡ್ ಸ್ಕ್ರೂ ಕಂಪನಿಯಲ್ಲೇ ಅಂಟು ಹಾಕಿ ಬಿಗಿದದ್ದು. ಸ್ಟಾರ್ ತಲೆಯದಾಗಿದ್ದರೆ ಮೊದಲ ಪ್ರಯತ್ನದಲ್ಲೇ ತಲೆ ಸವೆದುಹೋಗುವ ಅಪಾಯ ಹೆಚ್ಚು. ಹೇರ್ ಡ್ರೈಯರ್ ಅಥವಾ ಹೀಟ್ ಗನ್‌ನಿಂದ ಎರಡು ಮೂರು ನಿಮಿಷ ಬಿಸಿ ಮಾಡಿ, ಸ್ಕ್ರೂಡ್ರೈವರನ್ನು ಸುತ್ತಿಗೆಯಿಂದ ಒಂದೆರಡು ಏಟು ಹಾಕಿ ತಲೆಯೊಳಗೆ ಕೂರಿಸಿ, ಆಮೇಲೆ ಮೈಭಾರ ಬಿಟ್ಟು ಒತ್ತಿ ತಿರುಗಿಸಿ. ಗ್ರಿಪ್ಪಿನ ರಬ್ಬರಿಗೆ ಬಿಸಿ ತಾಗದಂತೆ ಒದ್ದೆ ಬಟ್ಟೆ ಸುತ್ತಿರಲಿ. ಸ್ಕ್ರೂ ಜೊತೆ ಒಳಗಿನ ತೂಕವೂ ಸುತ್ತುತ್ತಿದ್ದರೆ ಹೊರಗಿನ ತೂಕಕ್ಕೆ ಟ್ಯೂಬಿನ ತುಂಡು ಸುತ್ತಿ, ಪ್ಲೈಯರ್‌ನಿಂದ ಹಿಡಿದು ಹೊರಕ್ಕೆ ಎಳೆಯುತ್ತಾ ಬಿಚ್ಚಿ. ಎಳೆತಕ್ಕೆ ರಬ್ಬರ್ ಹಿಡಿದುಕೊಂಡು ಸುತ್ತುವುದು ನಿಲ್ಲುತ್ತದೆ.

ಹಳೆಯ ಕನ್ನಡಿ ಬಿಚ್ಚುವಾಗ ಯಮಹಾ ಓಡಿಸುವವರು ಗಮನಿಸಿ: ಬಲಗಡೆಯದು ಉಲ್ಟಾ ಥ್ರೆಡ್. ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಸಡಿಲ. ಗೊತ್ತಿಲ್ಲದೆ ಮಾಮೂಲಿನಂತೆ ಬಲ ಹಾಕಿ ಲಿವರ್ ಹಿಡಿದಿರುವ ಅಲ್ಯೂಮಿನಿಯಂ ಕಿವಿಯನ್ನೇ ಮುರಿದ ಉದಾಹರಣೆ ಯಾವ ಮೆಕ್ಯಾನಿಕ್ಕನ್ನು ಕೇಳಿದರೂ ಸಿಗುತ್ತದೆ.

ಕನ್ನಡಿ ಹೋದ ತೂತನ್ನು ಹಾಗೇ ಬಿಡಬಾರದು. ಮಳೆನೀರು ನಿಂತು ಥ್ರೆಡ್ ಹಾಳಾಗುತ್ತದೆ, ನಾಳೆ ಹಳೆಯ ಕನ್ನಡಿ ಹಾಕೋಣವೆಂದರೆ ಹತ್ತುವುದಿಲ್ಲ. ಸಾಮಾನ್ಯವಾಗಿ ಇದು ಎಂ10, 1.25 ಪಿಚ್ (ಥ್ರೆಡ್ಡಿನ ಏಣಿನಿಂದ ಏಣಿಗೆ 1.25 ಮಿ.ಮೀ.), ಕೆಲವು ಸ್ಕೂಟರ್ ಮತ್ತು ಚಿಕ್ಕ ಬೈಕುಗಳಲ್ಲಿ ಎಂ8. ಅಂದಾಜಿನ ಮೇಲೆ ಹೋಗದೆ ಹಳೆಯ ಕನ್ನಡಿಯನ್ನೇ ನಟ್ಟು ಬೋಲ್ಟಿನ ಅಂಗಡಿಗೆ ಒಯ್ದು ಅದೇ ಥ್ರೆಡ್ಡಿನ ಗಿಡ್ಡ ಬೋಲ್ಟು ಕೇಳಿ. ತೂತಿನ ಆಳಕ್ಕಿಂತ ಬೋಲ್ಟು 2 ಮಿ.ಮೀ. ಗಿಡ್ಡವಿರಲಿ. ಉದ್ದವಾದರೆ ತಳ ಮುಟ್ಟಿ ನಿಲ್ಲುತ್ತದೆ, ಬಿಗಿಯಾಯಿತೆಂದು ಇನ್ನೊಂದು ಸುತ್ತು ಕೊಟ್ಟರೆ ಕಿವಿ ಬಿರಿಯುತ್ತದೆ. ತಲೆಯಡಿಗೆ ರಬ್ಬರ್ ವಾಷರ್, ಥ್ರೆಡ್ಡಿಗೆ ಚೂರು ಗ್ರೀಸ್.

ಎಡಗಡೆ

ಎಡಗಡೆಯಿಂದ ಶುರುಮಾಡಿ, ಕೈ ಪಳಗುತ್ತದೆ. ಗ್ರಿಪ್ಪಿನ ತುದಿ ಮುಚ್ಚಿದ್ದರೆ ಪೈಪಿನ ಒಳ ಅಂಚಿಗೆ ಬ್ಲೇಡು ತಾಗಿಸಿಕೊಂಡು ದುಂಡಗೆ ಕತ್ತರಿಸಿ. ಹೊರ ಅಂಚಿನ ರಬ್ಬರ್ ಹಾಗೇ ಉಳಿಯಬೇಕು. ಇಡೀ ತುದಿಯನ್ನೇ ಕತ್ತರಿಸಿ ಹಾಕಿದರೆ ಗ್ರಿಪ್ ಹರಿಯಲು ಅಲ್ಲಿಂದಲೇ ಶುರು. ಪೈಪಿನೊಳಗೆ ಎಮರಿ ಹಾಳೆಯಿಂದ ತುಕ್ಕು ತೆಗೆದು, ಸ್ಪಿರಿಟ್ ಹಾಕಿ ಒರೆಸಿ, ಒಣಗಲು ಬಿಡಿ. ಒಳಗೆ ಎಣ್ಣೆಪಸೆ ಉಳಿದರೆ ಎಷ್ಟು ಬಿಗಿದರೂ ಬುಶ್ ತಿರುಗುತ್ತದೆ.

ಬುಶ್ಶನ್ನು ಸಡಿಲವಾಗಿಯೇ ತೂರಿಸಿ, ಕನ್ನಡಿಯ ತೋಳನ್ನು ಅಂದಾಜು ಜಾಗಕ್ಕೆ ತಿರುಗಿಸಿ, ಹೊರಕ್ಕೆ ಎಳೆಯದೆ ಒಳಕ್ಕೆ ಒತ್ತಿ ಹಿಡಿದೇ ಬೋಲ್ಟ್ ಬಿಗಿಯಿರಿ. ಎಂ6 ಬೋಲ್ಟಿಗೆ ಕಂಪನಿ ಬೇರೆ ಹೇಳದಿದ್ದರೆ 6–8 ನ್ಯೂಟನ್ ಮೀಟರ್ ಸಾಕು. ಟಾರ್ಕ್ ವ್ರೆಂಚ್ ಇಲ್ಲವೆಂದರೆ ಅಲೆನ್ ಕೀಯ ಗಿಡ್ಡ ಕಾಲನ್ನು ಬೋಲ್ಟಿಗೆ ಕೊಟ್ಟು, ಉದ್ದ ಕಾಲನ್ನು ಎರಡೇ ಬೆರಳಲ್ಲಿ ಎಳೆಯುವಷ್ಟು. ಅಲೆನ್ ಕೀಗೆ ಪೈಪು ತೊಡಿಸಿ ಬಿಗಿಯುವವರು ಬೋಲ್ಟಿನ ತಲೆಯನ್ನೋ ಬುಶ್ಶಿನ ಒಳಗಿನ ನಟ್ಟನ್ನೋ ಕಳೆದುಕೊಳ್ಳುತ್ತಾರೆ, ಆಮೇಲೆ ಡ್ರಿಲ್ ಹಾಕಿ ತೆಗೆಯಬೇಕು. ಥ್ರೆಡ್ ಲಾಕರ್ ಒಂದೇ ಹನಿ, ಅದೂ ಎಲ್ಲ ಹೊಂದಿಸಿ ಮುಗಿದ ಮೇಲೆ ಬಿಚ್ಚಿ ಹಾಕುವಾಗ. ಪ್ಲಾಸ್ಟಿಕ್ ಭಾಗಕ್ಕೆ ಅದು ತಾಗದಿರಲಿ. ಕೆಲವು ಪ್ಲಾಸ್ಟಿಕ್ ಅದರಿಂದ ಸಣ್ಣ ಸಣ್ಣ ಬಿರುಕು ಬಿಟ್ಟು ಒಂದು ದಿನ ಚೂರಾಗಿ ಉದುರುತ್ತದೆ.

ಬಲಗಡೆ, ನಿಧಾನವಾಗಿ

ಬಲಗಡೆ ಗ್ರಿಪ್ ಪೈಪಿನ ಮೇಲೆ ಅಂಟಿಕೊಂಡಿಲ್ಲ. ಅದು ಕೂತಿರುವುದು ಆಕ್ಸಿಲರೇಟರಿನ ಪ್ಲಾಸ್ಟಿಕ್ ಕೊಳವೆಯ ಮೇಲೆ, ಆ ಕೊಳವೆ ಪೈಪಿನ ಮೇಲೆ ಸಲೀಸಾಗಿ ತಿರುಗಬೇಕು. ಕೈಬಿಟ್ಟ ಕೂಡಲೇ ಅದನ್ನು ಹಿಂದಕ್ಕೆ ಎಳೆಯುವುದು ಒಂದು ಸ್ಪ್ರಿಂಗ್ ಮಾತ್ರ. ಕನ್ನಡಿಯ ಬುಡ ಗ್ರಿಪ್ಪಿಗೆ ತಾಗಿದರೆ ಆ ಸ್ಪ್ರಿಂಗಿನ ಶಕ್ತಿ ಉಜ್ಜಾಟಕ್ಕೇ ಖರ್ಚಾಗುತ್ತದೆ. ಸಿಗ್ನಲ್‌ನಲ್ಲಿ ಕೈಬಿಟ್ಟಿರಿ, ಇಂಜಿನ್ ಮಾತ್ರ ರೇಸ್ ಆಗುತ್ತಲೇ ಇದೆ ಎಂಬ ಸ್ಥಿತಿ ಬರುವುದು ಹೀಗೆ.

ಆದ್ದರಿಂದ ಗ್ರಿಪ್ಪಿಗೂ ಕನ್ನಡಿಯ ಬುಡಕ್ಕೂ ನಡುವೆ ಒಂದೂವರೆಯಿಂದ ಎರಡು ಮಿ.ಮೀ. ಸಂದು ಇರಲೇಬೇಕು. ಅಳೆಯಲು ಉಬ್ಬಕ್ಷರವಿಲ್ಲದ ಎರಡು ಎಟಿಎಂ ಕಾರ್ಡು ಜೋಡಿಸಿಕೊಳ್ಳಿ. ಒಂದರ ದಪ್ಪ 0.76 ಮಿ.ಮೀ., ಎರಡು ಸೇರಿ ಒಂದೂವರೆ. ಅವು ಸುತ್ತಲೂ ಎಲ್ಲೂ ಸಿಕ್ಕಿಕೊಳ್ಳದೆ ಸಂದಿನಲ್ಲಿ ಓಡಾಡಬೇಕು. ಒಂದು ಕಡೆ ಸರಾಗ, ಇನ್ನೊಂದು ಕಡೆ ಬಿಗಿ ಎಂದಾದರೆ ಬುಶ್ ಓರೆ ಕೂತಿದೆ, ಬಿಚ್ಚಿ ಮತ್ತೆ ಹಾಕಿ.

ಸಂದು ಸಿಗದಿದ್ದರೆ ಮಾಡಬೇಕಾದ್ದು ಎರಡರಲ್ಲಿ ಒಂದು. ಗ್ರಿಪ್ಪಿನ ರಬ್ಬರ್ ತುದಿ ಮಾತ್ರ ಹೊರಚಾಚಿದ್ದರೆ ಅದನ್ನು ಸವರಿ. ಪ್ಲಾಸ್ಟಿಕ್ ಕೊಳವೆಯೇ ಪೈಪಿನ ತುದಿಯವರೆಗೆ ಬಂದಿದ್ದರೆ ಪೈಪಿನ ಬಾಯಿಗೂ ಕನ್ನಡಿಯ ಬುಡಕ್ಕೂ ನಡುವೆ 2–3 ಮಿ.ಮೀ. ದಪ್ಪದ ವಾಷರ್ ಕೊಡಿ. ಇಲ್ಲೊಂದು ಮೋಸವಿದೆ: ವಾಷರಿನ ಹೊರವ್ಯಾಸ ಪೈಪಿಗಿಂತ ದೊಡ್ಡದಿದ್ದರೆ ವಾಷರೇ ಕೊಳವೆಗೆ ಉಜ್ಜುತ್ತದೆ, ಮಾಡಿದ ಕೆಲಸ ವ್ಯರ್ಥ. 21 ಮಿ.ಮೀ. ಮೀರದಿರಲಿ, ಪೈಪಿನ ಅಂಚಿನ ಮೇಲಷ್ಟೇ ಕೂರಲಿ. ಕೊಳವೆಯ ತುದಿ ಮುಚ್ಚಿದ ಮಾದರಿಯದಾಗಿದ್ದರೆ ಅದನ್ನು ಹೊರಗೆ ತೆಗೆದು, ಮೇಜಿನ ಮೇಲಿಟ್ಟು ಕತ್ತರಿಸಿ, ಎಮರಿಯಿಂದ ನಯ ಮಾಡಿ ಹಾಕಿ. ಬೈಕಿನ ಮೇಲೇ ಕತ್ತರಿಸಿದರೆ ಪ್ಲಾಸ್ಟಿಕ್ ಪುಡಿ ಕೊಳವೆಯೊಳಗೆ ಸೇರಿ ಅದೂ ಹಿಡಿದುಕೊಳ್ಳಲು ಕಾರಣವಾಗುತ್ತದೆ. ಕೇಬಲ್ ಇಲ್ಲದೆ ಸೆನ್ಸರ್‌ನಿಂದ ನಡೆಯುವ ಆಕ್ಸಿಲರೇಟರ್ ಇರುವ ಬೈಕುಗಳಲ್ಲಿ ಕೊಳವೆಗೆ ಬ್ಲೇಡು ಹಾಕುವ ಸಾಹಸ ಬೇಡ, ತೆರೆದ ತುದಿಯ ಗ್ರಿಪ್ ಇಲ್ಲವೇ ವಾಷರಿನ ದಾರಿಯೇ ಸರಿ. ಸಲೀಸಾಗಲಿ ಎಂದು ಗ್ರಿಪ್ಪಿನಡಿಗೆ ಎಣ್ಣೆ ಬಿಡುವುದು ತೀರಾ ಕೆಟ್ಟ ಉಪಾಯ. ಧೂಳು ಕೂತು ಅದು ಗಟ್ಟಿ ಮಡ್ಡಿಯಾಗುತ್ತದೆ.

ಈಗ ಪರೀಕ್ಷೆ. ಇಂಜಿನ್ ಆಫ್ ಇರುವಾಗ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಬಿಡಿ, ಟಪ್ ಎಂದು ಮುಚ್ಚಬೇಕು. ಹ್ಯಾಂಡಲ್ ಪೂರ್ತಿ ಎಡಕ್ಕೆ ಹೊರಳಿಸಿ ಒಮ್ಮೆ, ಬಲಕ್ಕೆ ಹೊರಳಿಸಿ ಒಮ್ಮೆ. ಇಷ್ಟಕ್ಕೇ ನಿಲ್ಲಿಸುವವರೇ ಹೆಚ್ಚು. ಆದರೆ ಓಡಿಸುವಾಗ ಅಂಗೈ ಗ್ರಿಪ್ಪನ್ನು ಹೊರಕ್ಕೆ ತಳ್ಳುತ್ತಿರುತ್ತದೆ, ಕೊಳವೆಗೆ ಒಂದಿಷ್ಟು ಅಡ್ಡಾಟ ಇದ್ದೇ ಇರುತ್ತದೆ. ಹಾಗಾಗಿ ಗ್ರಿಪ್ಪನ್ನು ಬೇಕೆಂದೇ ಕನ್ನಡಿಯ ಕಡೆಗೆ ಒತ್ತಿ ಹಿಡಿದು ತಿರುಗಿಸಿ ಬಿಡಿ. ಆಗಲೂ ಟಪ್ ಎನ್ನಬೇಕು. ಕೊನೆಗೆ ಇಂಜಿನ್ ಚಾಲೂ ಮಾಡಿ, ಐಡ್ಲಿಂಗ್‌ನಲ್ಲಿ ಹ್ಯಾಂಡಲನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ. ಶಬ್ದ ಏರಿದರೆ ಕೇಬಲ್ ಎಲ್ಲೋ ಎಳೆದುಕೊಂಡಿದೆ. ಬಿಚ್ಚುವಾಗ ಸ್ವಿಚ್ ಬಾಕ್ಸ್ ಅಲುಗಿದ್ದರೆ ಹೀಗಾಗುತ್ತದೆ. ಬಹುತೇಕ ಬೈಕುಗಳಲ್ಲಿ ಆಕ್ಸಿಲರೇಟರಿನ ಖಾಲಿ ಆಟ, ಅಂದರೆ ಕೇಬಲ್ ಎಳೆಯುವ ಮೊದಲು ಗ್ರಿಪ್ ಸುಮ್ಮನೆ ತಿರುಗುವಷ್ಟು, 2–6 ಮಿ.ಮೀ. ಒಳಗಿರಬೇಕು. ಈ ಯಾವುದರಲ್ಲಿ ಫೇಲಾದರೂ ಬೈಕು ರಸ್ತೆಗೆ ಇಳಿಯಬಾರದು.

ಆಯುಧಪೂಜೆಗೆ ಹಾರ ಕಟ್ಟುವವರಿಗೆ ಒಂದು ಮಾತು. ಹಳೆಯ ಕನ್ನಡಿಯ ಕಡ್ಡಿಗೆ ಕಟ್ಟುತ್ತಿದ್ದ ಚೆಂಡುಹೂವಿನ ಹಾರವನ್ನು ಹೊಸ ಕನ್ನಡಿಗೆ ಕಟ್ಟಿದರೆ ಅದರ ದಾರ ನೇರ ಆ ಎರಡು ಮಿಲಿಮೀಟರ್ ಸಂದಿಗೆ ಸುತ್ತಿಕೊಳ್ಳುತ್ತದೆ. ಹೆಡ್‌ಲೈಟಿಗೆ ಕಟ್ಟಿ. ಹೆಲ್ಮೆಟ್ಟನ್ನೂ ಇನ್ನು ಕನ್ನಡಿಗೆ ನೇತುಹಾಕುವಂತಿಲ್ಲ.

ಮೇಲಕ್ಕೋ ಕೆಳಕ್ಕೋ

ಕನ್ನಡಿಯನ್ನು ಹ್ಯಾಂಡಲ್‌ನ ಕೆಳಗೆ ನೇತುಹಾಕಿದರೆ ಕೆಫೆ ರೇಸರ್ (ಹಳೆಯ ಕಾಲದ ರೇಸ್ ಶೈಲಿಯ ಬೈಕು) ಕಳೆ ಬರುತ್ತದೆ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್, ಹಂಟರ್, ಹೋಂಡಾ ಸಿಬಿ350 ತರಹ ನೇರ ಕೂತು ಓಡಿಸುವ ಬೈಕುಗಳಲ್ಲಿ ಕೆಳಗಿನ ಕನ್ನಡಿಗೆ ಸವಾರನ ತೊಡೆ, ಹಿಂದೆ ಕೂತವರ ಮೊಣಕಾಲು, ಸೀರೆಯ ಸೆರಗು ಎಲ್ಲ ಅಡ್ಡ ಬರುತ್ತವೆ. ಮೊಣಕೈ ಬಿಟ್ಟು ಮೊಣಕಾಲು ನೋಡಿದಂತಾಯಿತು. ಜೊತೆಗೆ ಕಣ್ಣು ಇನ್ನೂ ಕೆಳಗಿಳಿಯಬೇಕು. ಇಂಥ ಬೈಕಿಗೆ ಮೇಲ್ಮುಖವಾಗಿ, ಗಡಿಯಾರದ ಲೆಕ್ಕದಲ್ಲಿ ಎಡಗಡೆಯದು ಹತ್ತು ಗಂಟೆ, ಬಲಗಡೆಯದು ಎರಡು ಗಂಟೆಯ ದಿಕ್ಕಿಗೆ ಇಡುವುದು ಸರಿಯಾದ ಆರಂಭ. ಇನ್ನೂ ನೆಟ್ಟಗೆ ನಿಲ್ಲಿಸಿದರೆ ಬೈಕಿನ ಅಗಲ ಕಡಿಮೆಯಾಗುತ್ತದೆ, ಮುಂಗೈ ಸ್ವಲ್ಪ ಕಾಣಲು ಶುರುವಾಗುತ್ತದೆ. ಇವೆರಡರ ನಡುವೆ ನಿಮ್ಮ ದಾರಿಗೆ ತಕ್ಕಂತೆ ಆರಿಸಿ: ದಿನವೂ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆ ದಾಟುವವರಿಗೆ ಅಗಲ ಮುಖ್ಯ, ಹೆದ್ದಾರಿಯವರಿಗೆ ನೋಟ.

ಯಾವ ಕಡೆ ಇಟ್ಟರೂ ಮೂರು ಕಡೆ ತಾಗುತ್ತದೆಯೇ ನೋಡಬೇಕು. ಬ್ರೇಕ್ ಮತ್ತು ಕ್ಲಚ್ ಲಿವರ್ ಪೂರ್ತಿ ಹಿಡಿದಾಗಲೂ ಬಿಟ್ಟಾಗಲೂ ಅದರ ಗುಂಡುತುದಿ ಕನ್ನಡಿಯ ತೋಳಿಗೆ ತಾಗಬಾರದು. ತಾಗಿ ಅರ್ಧಕ್ಕೇ ನಿಲ್ಲುವ ಬ್ರೇಕ್ ಲಿವರ್ ಹಿಡಿದುಕೊಂಡ ಆಕ್ಸಿಲರೇಟರಿನಷ್ಟೇ ಅಪಾಯ. ಹ್ಯಾಂಡಲ್ ಪೂರ್ತಿ ಹೊರಳಿಸಿದಾಗ ಟ್ಯಾಂಕಿಗೂ ಕನ್ನಡಿಗೂ ಒಂದು ಸೆಂ.ಮೀ. ಉಳಿಯಬೇಕು, ಗಿಡ್ಡ ಹ್ಯಾಂಡಲ್‌ನ ಬೈಕಿನಲ್ಲಿ ಕೆಳಮುಖದ ಕನ್ನಡಿ ಟ್ಯಾಂಕಿಗೆ ಗುದ್ದಿ ಗುಳಿ ಬೀಳಿಸುತ್ತದೆ. ಯು ಟರ್ನ್ ಹೊಡೆಯುವಾಗ ನಿಮ್ಮ ಮೊಣಕಾಲಿಗೂ ತಾಗಬಾರದು.

ಅಗಲವನ್ನು ಟೇಪು ಹಿಡಿದೇ ಅಳೆಯಿರಿ, ಒಂದು ಕನ್ನಡಿಯ ಹೊರ ಅಂಚಿನಿಂದ ಇನ್ನೊಂದರವರೆಗೆ. ಮೊದಲಿಗಿಂತ ಒಂದೊಂದು ಬದಿಗೆ ಎಂಟು ಹತ್ತು ಸೆಂ.ಮೀ. ಹೆಚ್ಚಾಗಿರುತ್ತದೆ. ಕಾರಿನ ಕನ್ನಡಿಗಳೂ ಹೆಚ್ಚುಕಡಿಮೆ ಬೈಕಿನ ಹ್ಯಾಂಡಲ್ ತುದಿಯ ಎತ್ತರದಲ್ಲೇ ಇರುವುದರಿಂದ ಟ್ರಾಫಿಕ್‌ನಲ್ಲಿ ನುಸುಳುವಾಗ ಗುದ್ದಾಟ ಅಲ್ಲೇ. ಮಡಚಿದರೆ ಮತ್ತೆ ಅದೇ ಜಾಗಕ್ಕೆ ಟಿಕ್ ಎಂದು ಬಂದು ನಿಲ್ಲುವ ಕೀಲಿನದು ಸಿಕ್ಕರೆ ಸ್ವಲ್ಪ ದುಬಾರಿಯಾದರೂ ಕೊಳ್ಳಿ. ಮಡಚಿದ ಮೇಲೆ ಬಿಡಿಸುವುದನ್ನು ಮರೆತು ಓಡಿಸಿದರೆ ಕನ್ನಡಿ ಇಲ್ಲದಂತೆಯೇ ಲೆಕ್ಕ, ಪೊಲೀಸರ ಲೆಕ್ಕದಲ್ಲೂ. ಎರಡು ಕನ್ನಡಿಯೂ ಬೇಕು. ಬಲಗಡೆಯೊಂದೇ ಸಾಕು ಎನ್ನುವವರು ಎಡಗಡೆಯಿಂದ ನುಗ್ಗುವ ಸ್ಕೂಟರುಗಳನ್ನು ಮರೆತವರು.

ನೋಟ ಹೊಂದಿಸುವುದು

ಸೈಡ್ ಸ್ಟ್ಯಾಂಡಿನಲ್ಲಿ ಓರೆ ನಿಂತ ಬೈಕಿನಲ್ಲಿ ಕನ್ನಡಿ ಹೊಂದಿಸಿದರೆ ಹೊರಟ ಕೂಡಲೇ ಒಂದು ಆಕಾಶ, ಇನ್ನೊಂದು ಟಾರು ತೋರಿಸುತ್ತದೆ. ಸಮತಟ್ಟು ನೆಲದಲ್ಲಿ ಬೈಕನ್ನು ನೆಟ್ಟಗೆ ಹಿಡಿಯಲು ಒಬ್ಬರನ್ನು ಕರೆಯಿರಿ. ಹೆಲ್ಮೆಟ್, ಜಾಕೆಟ್ ಹಾಕಿಕೊಂಡು, ಎರಡು ಕೈ ಗ್ರಿಪ್ಪಿನ ಮೇಲಿಟ್ಟು, ಓಡಿಸುವ ಭಂಗಿಯಲ್ಲೇ ಕೂತು ನೋಡಿ.

ಮೇಲೆ ಕೆಳಗೆ ಹೊಂದಿಸುವಾಗ ದೂರದ ರಸ್ತೆ ಮುಗಿಯುವ ಗೆರೆ ಗಾಜಿನ ನಡುವಿಗಿಂತ ಚೂರು ಮೇಲಿರಲಿ. ಹಿಂದೆ ಹೆಂಡತಿಯೋ ಗೆಳೆಯನೋ ಕೂತರೆ ಬೈಕಿನ ಹಿಂಭಾಗ ಕುಸಿದು ಕನ್ನಡಿ ಕೆಳಗೆ ನೋಡತೊಡಗುತ್ತದೆ, ಗೆರೆ ಇನ್ನೂ ಮೇಲೇರುತ್ತದೆ; ಆಗ ಮತ್ತೊಮ್ಮೆ ಹೊಂದಿಸಿಕೊಳ್ಳಿ. ಪಕ್ಕಕ್ಕೆ ಹೊಂದಿಸುವಾಗ ಒಳ ಅಂಚಿನಲ್ಲಿ ನಿಮ್ಮ ತೋಳಿನ ಅಂಚು ಗೆರೆಯಷ್ಟು ಕಾಣಲಿ. ಅದೂ ಕಾಣದಂತೆ ಹೊರಕ್ಕೆ ತಿರುಗಿಸಿದರೆ ನೋಟ ಎಲ್ಲಿಂದ ಶುರುವಾಗುತ್ತದೆಂದು ಗುರುತೇ ಸಿಗುವುದಿಲ್ಲ, ನೇರ ಹಿಂದಿರುವ ವಾಹನ ಮಾಯವಾಗುತ್ತದೆ.

ಆಮೇಲೆ ಸಹಾಯಕ್ಕೆ ಬಂದವರನ್ನು ಹತ್ತು ದೊಡ್ಡ ಹೆಜ್ಜೆ ಹಿಂದಕ್ಕೆ ಕಳಿಸಿ. ಬೈಕಿನ ನೇರ ಹಿಂದಿನಿಂದ ಬಲಕ್ಕೆ ನಿಧಾನವಾಗಿ ನಡೆದು, ಮುಂದಕ್ಕೆ ಬಂದು ನಿಮ್ಮ ಪಕ್ಕಕ್ಕೆ ಸೇರಲಿ. ಕನ್ನಡಿಯಲ್ಲಿ ಅವರು ಎಲ್ಲಿ ಮಾಯವಾದರು, ನೇರ ನೋಡುತ್ತಿರುವಾಗ ಕಣ್ಣಂಚಿಗೆ ಎಲ್ಲಿ ಮತ್ತೆ ಕಂಡರು ಎಂದು ಹೇಳಿ ನಿಲ್ಲಿಸಿ. ಎರಡು ಜಾಗದ ನಡುವಿನ ಖಾಲಿಯೇ ಕುರುಡು ಜಾಗ. ಒಂದು ಸ್ಕೂಟರ್ ಆರಾಮವಾಗಿ ಅಡಗುವಷ್ಟು ಇರುತ್ತದೆ. ಕನ್ನಡಿಯನ್ನು ಒಂದಿಷ್ಟು ಹೊರಕ್ಕೆ ತಿರುಗಿಸಿ ಅದನ್ನು ಕಡಿಮೆ ಮಾಡಬಹುದು, ಇಲ್ಲವಾಗಿಸಲು ಆಗದು. ಎಡಕ್ಕೂ ಹೀಗೇ ಮಾಡಿ.

ನಡುಗುವ ಕನ್ನಡಿ

ಹೊಸ ಕನ್ನಡಿ 60ರಲ್ಲಿ ಸ್ಪಷ್ಟ, 80ರಲ್ಲಿ ಹಿಂದಿನದೆಲ್ಲ ಕಲಸಿದ ಬಣ್ಣ ಎಂದಾದರೆ ತಪ್ಪು ಕನ್ನಡಿಯದ್ದೇ ಆಗಿರಬೇಕಿಲ್ಲ. ನೀವು ಬಿಚ್ಚಿಟ್ಟ ಬಾರ್ ಎಂಡ್ ತೂಕ ಇದ್ದದ್ದು ಅಲಂಕಾರಕ್ಕಲ್ಲ. ಹ್ಯಾಂಡಲ್ ಪೈಪಿಗೆ ಅದರದೇ ಒಂದು ನಡುಕದ ಲಯವಿರುತ್ತದೆ. ತುದಿಯ ತೂಕ ಆ ಲಯವನ್ನು ಇಂಜಿನ್ನಿನ ಸಾಮಾನ್ಯ ವೇಗದಿಂದ ದೂರ ಸರಿಸುತ್ತದೆ. ಅದರ ಜಾಗಕ್ಕೆ ಹಗುರ ಕನ್ನಡಿ ಬಂದರೆ ನಡುಕ ನೀವು ದಿನವೂ ಓಡಿಸುವ ವೇಗಕ್ಕೇ ಬಂದು ಕೂರಬಹುದು. ಅಂಗೈ ಜೋಮು ಹಿಡಿಯುವುದೂ ಇದರದೇ ಲಕ್ಷಣ. ಒಂಟಿ ಸಿಲಿಂಡರ್ ಬೈಕುಗಳಲ್ಲಿ ಇದು ಹೆಚ್ಚು.

ಮದ್ದು: ಮೊದಲ ಆಯ್ಕೆ ಹಳೆಯ ತೂಕವನ್ನು ಉಳಿಸಿಕೊಂಡೇ ಕೂರುವ ಅಡಾಪ್ಟರ್. ಅದಾಗದಿದ್ದರೆ ಹಳೆಯ ತೂಕವನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಕನ್ನಡಿಯ ಬುಡಕ್ಕೆ ಹೆಚ್ಚುಕಡಿಮೆ ಅಷ್ಟೇ ತೂಕದ ಉಕ್ಕಿನ ತುಂಡನ್ನು ಲೇತ್‌ನಲ್ಲಿ ಮಾಡಿಸಿ. ಕನ್ನಡಿಯ ತೋಳು ಗಿಡ್ಡವಾದಷ್ಟೂ ನಡುಕ ಕಡಿಮೆ. ಇವೆಲ್ಲಕ್ಕೂ ಮೊದಲು ಕೀಲಿನ ಸ್ಕ್ರೂ ಬಿಗಿಯಿದೆಯೇ ನೋಡಿ. ಕೈಯಿಂದ ತಿರುಗಿಸಲು ಸ್ವಲ್ಪ ಶ್ರಮ ಬೇಕಾಗುವಷ್ಟು ಇರಬೇಕು. ಗಾಜಿನ ಮೂಲೆ ಬೆರಳಲ್ಲಿ ಒತ್ತಿ, ಒಳಗೇ ಕಟಕಟ ಅಂದರೆ ಗಾಜಿನ ಹಿಂದಿನ ಅಂಟು ಬಿಟ್ಟಿದೆ.

ಮೊದಲ 100 ಕಿ.ಮೀ. ಆದ ಮೇಲೆ ಎಲ್ಲ ಬೋಲ್ಟನ್ನೂ ಒಮ್ಮೆ ನೋಡಿ. ರಬ್ಬರ್ ಬುಶ್ಶಿನದಾದರೆ ಬಿಸಿಲಿಗೆ ರಬ್ಬರ್ ಕೂತು ಅರ್ಧ ಸುತ್ತು ಸಡಿಲವಾಗಿರುವುದು ಸಹಜ. ಲೋಹದ ಬುಶ್ಶಿಗೆ ಈ ತೊಂದರೆ ಕಡಿಮೆ. ಕನ್ನಡಿಯ ತೋಳಿನ ಮೇಲಿಂದ ಗ್ರಿಪ್ಪಿನವರೆಗೆ ಪೇಂಟ್ ಮಾರ್ಕರಿನಿಂದ ಒಂದು ಗೆರೆ ಎಳೆದಿಟ್ಟರೆ, ಎಡಗಡೆ ಕನ್ನಡಿ ತಿರುಗಿದ್ದು ಗೆರೆ ಮುರಿದಾಗಲೇ ಗೊತ್ತಾಗುತ್ತದೆ. ಬಲಗಡೆ ಗ್ರಿಪ್ ತಾನೇ ತಿರುಗುವುದರಿಂದ ಗೆರೆಯನ್ನು ಬೋಲ್ಟಿನ ತಲೆಗೂ ತೋಳಿಗೂ ಸೇರಿಸಿ ಎಳೆಯಿರಿ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಬೈಕು ನಿಲ್ಲಿಸುವವರು ಕನ್ನಡಿಯ ಜೊತೆ ಬಂದ ಕಪ್ಪು ಬೋಲ್ಟನ್ನು ಮೊದಲ ದಿನವೇ ಸ್ಟೇನ್‌ಲೆಸ್ ಬೋಲ್ಟಿಗೆ ಬದಲಾಯಿಸುವುದು ಒಳ್ಳೆಯದು. ಆ ಬೋಲ್ಟು ಕನ್ನಡಿಯ ಅಲ್ಯೂಮಿನಿಯಂ ತೋಳಿಗೆ ತಾಗುವ ಕಡೆ ತೆಳುವಾಗಿ ಗ್ರೀಸ್ ಸವರಿ, ಬುಶ್ಶಿಗೆ ಮಾತ್ರ ತಾಗಿಸಬೇಡಿ. ಮಲೆನಾಡಿನ ಮಳೆಗೆ ಕನ್ನಡಿಯ ಚಿಪ್ಪಿನಲ್ಲಿ ನೀರು ನಿಂತು ಗಾಜಿನ ಹಿಂದಿನ ಲೇಪ ಕಪ್ಪಾಗುತ್ತದೆ. ಚಿಪ್ಪಿನ ಸಣ್ಣ ತೂತು ಕೆಳಮುಖವಾಗಿದೆಯೇ ನೋಡಿ. ತೂತೇ ಇಲ್ಲದಿದ್ದರೆ ಗಾಜಿನ ಸುತ್ತ ಸಿಲಿಕೋನ್ ಅಂಟು ಎಳೆದು ಮುಚ್ಚಿ.

ಬಿಚ್ಚಿದ ಕನ್ನಡಿ, ತೂಕ, ಸ್ಕ್ರೂ ಎಲ್ಲವನ್ನೂ ಎಡ ಬಲ ಎಂದು ಬರೆದ ಎರಡು ಕವರಿನಲ್ಲಿ ಹಾಕಿಡಿ. ಪಾರ್ಕಿಂಗ್‌ನಲ್ಲಿ ಪಕ್ಕದ ಬೈಕು ವಾಲಿ ಒಂದು ಕನ್ನಡಿ ಮುರಿದ ದಿನ ಅದರ ಜೋಡಿ ಬರುವವರೆಗೆ ಓಡಿಸಲು ಹಳೆಯದೇ ಗತಿ.